ಕಾಸರಗೋಡಿನ ಅಡುಗೆಮನೆಯಲ್ಲಿ ಪೋ-ಬಾಯ್: ಮೊದಲು ಬ್ರೆಡ್ಡು, ಆಮೇಲೆ ಪಚ್ಚಿಲೆ

ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನವರು ಪೋ-ಬಾಯ್ ಸ್ಯಾಂಡ್‌ವಿಚ್ ಬಗ್ಗೆ ವಾದಕ್ಕೆ ಕೂತರೆ ಸಿಗಡಿ ಮೇಲೋ ಸಿಂಪಿ ಮೇಲೋ ಎಂದು ಶುರುವಾದ ಮಾತು ಕೊನೆಗೆ ಬ್ರೆಡ್ಡಿಗೆ ಬಂದು ನಿಲ್ಲುತ್ತದೆ. ಅದು ಸರಿಯೇ. ಒಳಗಿನ ತುಂಬು ಏನು ಬೇಕಾದರೂ ಆಗಬಹುದು: ಕರಿದ ಸಿಗಡಿ, ಕರಿದ ಸಿಂಪಿ, ಕ್ಯಾಟ್‌ಫಿಶ್, ಗ್ರೇವಿಯಲ್ಲಿ ಅದ್ದಿದ ರೋಸ್ಟ್ ಬೀಫ್, ಬರೀ ಆಲೂಗಡ್ಡೆ ಫ್ರೈ ಕೂಡ. ಬದಲಾಗದೆ ಉಳಿಯುವುದು ಬ್ರೆಡ್ಡು ಮಾತ್ರ. 1929ರಲ್ಲಿ ಅಲ್ಲಿನ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ ಅವರಿಗೆ ಪುಕ್ಕಟೆಯಾಗಿ ಸ್ಯಾಂಡ್‌ವಿಚ್ ಕೊಟ್ಟವರು ಬೆನ್ನಿ ಮತ್ತು ಕ್ಲೋವಿಸ್ ಮಾರ್ಟಿನ್ ಎಂಬ ಅಣ್ಣತಮ್ಮಂದಿರು. ಇಬ್ಬರೂ ಹಿಂದೆ ಟ್ರಾಮ್‌ನಲ್ಲೇ ದುಡಿದವರು. ತುದಿ ಚೂಪಾದ ಫ್ರೆಂಚ್ ಬ್ರೆಡ್ಡನ್ನು ಕತ್ತರಿಸಿದರೆ ಕೊನೆಯ ತುಂಡು ಸಣ್ಣದಾಗುತ್ತದೆ, ಅದು ಸಿಕ್ಕವನಿಗೆ ನಷ್ಟ. ಹಾಗಾಗಿ ಬೇಕರಿಯ ಜಾನ್ ಗೆಂಡೂಸಾ ಅವರಿಗಾಗಿ ಸುಮಾರು 40 ಇಂಚು ಉದ್ದದ, ತುದಿಯಿಂದ ತುದಿಗೆ ಒಂದೇ ಅಗಲದ ಬ್ರೆಡ್ಡು ಮಾಡಿಕೊಟ್ಟರು. ಇವತ್ತಿಗೂ ಪೋ-ಬಾಯ್ ಬ್ರೆಡ್ಡಿನ ಆಕಾರ ಅದೇ.

ನಮ್ಮ ಕಡೆ ಪರಿಸ್ಥಿತಿ ತಿರುವುಮುರುವು. ಮಂಜೇಶ್ವರದಿಂದ ಚೆರುವತ್ತೂರಿನ ತನಕ ಒಳ್ಳೆಯ ಸಿಗಡಿ, ಪಚ್ಚಿಲೆ (ಹಸಿರು ಚಿಪ್ಪುಮೀನು) ಸಿಗುತ್ತದೆ, ಬ್ರೆಡ್ಡು ಸಿಗುವುದಿಲ್ಲ. ಬೇಕರಿಯ ಹಾಲು ಬ್ರೆಡ್ಡು, ಉದ್ದ ಬನ್ನುಗಳಲ್ಲಿ ಸಕ್ಕರೆ ಮತ್ತು ಕೊಬ್ಬು ಜಾಸ್ತಿ. ಕರಿದ ಮೀನಿನ ಹಬೆ, ಟೊಮೆಟೊ ನೀರು ತಗುಲಿದ ಐದೇ ನಿಮಿಷಕ್ಕೆ ಅವು ಹಿಟ್ಟಿನ ಮುದ್ದೆ. ಇನ್ನೊಂದು ತುದಿಯಲ್ಲಿ ಪೇಟೆಯ ಸೂಪರ್‌ಮಾರ್ಕೆಟ್ಟಿನ ಬಗೆಟ್ ಎಂಬ ಉದ್ದನೆಯ ಫ್ರೆಂಚ್ ಬ್ರೆಡ್ಡು. ಅದರ ಹೊರಪದರ ದಪ್ಪ, ಕಚ್ಚಿದರೆ ಅಂಗಳು ಗೀರುತ್ತದೆ, ಒಳಗಿನ ಸಿಗಡಿ ಹಿಂದಿನಿಂದ ಜಾರಿ ತಟ್ಟೆಗೆ ಬೀಳುತ್ತದೆ. ಬೇಕಾದ್ದು ಎರಡರ ನಡುವಿನದು: ಹಪ್ಪಳದಷ್ಟು ತೆಳ್ಳಗೆ ಗರಿಗರಿ ಹೊರಪದರ, ಬೆರಳಿಟ್ಟರೆ ಕುಗ್ಗುವ ಹಗುರ ಒಳತಿರುಳು. ಮನೆಯ ಓಟಿಜಿಯಲ್ಲೇ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಆಗುತ್ತದೆ.

ಬ್ರೆಡ್ಡು

ಮೂರು ಬ್ರೆಡ್ಡಿಗೆ ಅಳತೆ: ಮೈದಾ 500 ಗ್ರಾಂ, ತಣ್ಣೀರು 300 ಮಿ.ಲೀ., ಇನ್‌ಸ್ಟಂಟ್ ಯೀಸ್ಟ್ 6 ಗ್ರಾಂ, ಉಪ್ಪು 9 ಗ್ರಾಂ, ಸಕ್ಕರೆ 10 ಗ್ರಾಂ, ವಾಸನೆಯಿಲ್ಲದ ಎಣ್ಣೆ 15 ಗ್ರಾಂ. ಚಮಚದ ಲೆಕ್ಕ ಬೇಡ, ತೂಕ ಮಾಡಿ.

ನೀರು ಫ್ರಿಜ್ಜಿನದೇ ಆಗಲಿ. ಈ ಕರಾವಳಿಯ ಸೆಕೆಯಲ್ಲಿ ನಾದುವಾಗಲೇ ಹಿಟ್ಟು ಬಿಸಿಯಾಗುತ್ತದೆ. ಬಿಸಿಯಾದ ಹಿಟ್ಟು ಅವಸರದಲ್ಲಿ ಉಬ್ಬಿ, ಹುಳಿವಾಸನೆ ಹಿಡಿದು, ಓವನ್ನಿನಲ್ಲಿ ಕುಸಿಯುತ್ತದೆ. ಮಳೆಗಾಲದಲ್ಲಿ ಮೈದಾ ತಾನೇ ತೇವ ಹೀರಿರುತ್ತದೆ, ಆದ್ದರಿಂದ 20 ಮಿ.ಲೀ. ನೀರು ಬದಿಗಿಟ್ಟು ಕೊನೆಗೆ ಬೇಕಾದರೆ ಮಾತ್ರ ಸೇರಿಸಿ. ಕೈಯಲ್ಲಿ 12ರಿಂದ 15 ನಿಮಿಷ ಚೆನ್ನಾಗಿ ನಾದಬೇಕು. ಸಣ್ಣ ಉಂಡೆ ತೆಗೆದು ಬೆರಳಲ್ಲಿ ಎಳೆದರೆ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಹರಿದರೆ ಇನ್ನೂ ಮೂರು ನಿಮಿಷ. ನಮ್ಮ ಮೈದಾದಲ್ಲಿ ಗ್ಲುಟನ್ ಕಡಿಮೆಯಿರುವುದರಿಂದ ಇಲ್ಲಿ ಸೋಮಾರಿತನ ಮಾಡಿದರೆ ತಿರುಳು ಹಗುರವಾಗುವುದೇ ಇಲ್ಲ.

ಮುಚ್ಚಿಟ್ಟು ಇಮ್ಮಡಿ ಆಗುವವರೆಗೆ ಬಿಡಿ. 30 ಡಿಗ್ರಿ ಸೆಕೆಯಲ್ಲಿ 50 ನಿಮಿಷ ಸಾಕು. ಪುಸ್ತಕದಲ್ಲಿ ಎರಡು ಗಂಟೆ ಎಂದಿದ್ದರೆ ಅದು ಚಳಿದೇಶದ ಲೆಕ್ಕ. 280 ಗ್ರಾಂನ ಮೂರು ಭಾಗ ಮಾಡಿ, ಒಂದೊಂದನ್ನೂ ಚೌಕವಾಗಿ ತಟ್ಟಿ, ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತಿ, ಅಂಚನ್ನು ಚಿವುಟಿ ಅಂಟಿಸಿ. ಉದ್ದ 28 ಸೆ.ಮೀ. ಇರಲಿ, ತುದಿ ಮೊಂಡಾಗಿರಲಿ. ಸುತ್ತು ಸಡಿಲವಾದರೆ ಒಳಗೆ ಗುಹೆಯಂಥ ತೂತುಗಳಾಗಿ ಮೇಯನೇಸ್ ಎಲ್ಲಾ ಅಲ್ಲೇ ಇಳಿದುಹೋಗುತ್ತದೆ. ಅಂಟು ಕೆಳಗೆ ಬರುವಂತೆ ಟ್ರೇಯಲ್ಲಿಡಿ. ಬದಿಗೆ ಹರಡದಂತೆ ಅಲ್ಯೂಮಿನಿಯಂ ಫಾಯಿಲ್ ಮಡಚಿ ಗೋಡೆ ಕಟ್ಟಬಹುದು.

ಇನ್ನೊಂದು 40 ನಿಮಿಷ ಉಬ್ಬಲಿ. ಬೆರಳಿಂದ ಒತ್ತಿದ ಗುಳಿ ನಿಧಾನಕ್ಕೆ ಅರ್ಧ ತುಂಬಿದರೆ ಹದ ಬಂತು. ಒತ್ತಿದ್ದು ಹಾಗೇ ಉಳಿದರೆ ಹೊತ್ತು ಮೀರಿದೆ, ತಡಮಾಡದೆ ಓವನ್ನಿಗೆ ಹಾಕಿ. ಓಟಿಜಿ 220 ಡಿಗ್ರಿಯಲ್ಲಿ 20 ನಿಮಿಷ ಕಾದಿರಬೇಕು. ಕೆಳಗೆ ಸ್ಟೀಲ್ ತಟ್ಟೆಯಲ್ಲಿ ಒಂದು ಲೋಟ ಕುದಿಯುವ ನೀರಿಡಿ. ಗಾಜಿನ ಬಾಗಿಲಿಗೆ ನೀರು ಸಿಡಿದರೆ ಗಾಜು ಒಡೆಯಬಹುದು, ಜೋಪಾನ. ಹಿಟ್ಟಿನ ಮೇಲೆ ಬ್ಲೇಡಿನಲ್ಲಿ ಉದ್ದಕ್ಕೆ ಅರ್ಧ ಸೆ.ಮೀ. ಆಳದ ಒಂದು ಗೀರು. 10 ನಿಮಿಷ ಹಬೆಯಲ್ಲಿ ಬೇಯಲಿ, ಆಮೇಲೆ ನೀರಿನ ತಟ್ಟೆ ಹೊರಗೆ ತೆಗೆದು 200 ಡಿಗ್ರಿಯಲ್ಲಿ ಇನ್ನೂ 12ರಿಂದ 14 ನಿಮಿಷ. ಮೊದಲ ಹಬೆ ಮೇಲ್ಮೈಯನ್ನು ಮೆತ್ತಗಿಟ್ಟು ಬ್ರೆಡ್ಡಿಗೆ ಉಬ್ಬಲು ಬಿಡುತ್ತದೆ, ನಂತರದ ಒಣಶಾಖ ಹೊರಪದರವನ್ನು ಗರಿಯಾಗಿಸುತ್ತದೆ. ತಳ ತಟ್ಟಿದರೆ ಪೊಳ್ಳು ಸದ್ದು ಬರಬೇಕು. ತಂತಿಯ ಜಾಲರಿ ಮೇಲೆ ಆರಿಸಿ.

ಆಷಾಢದ ಗಾಳಿಗೆ ಈ ಗರಿ ಎರಡು ಗಂಟೆಯೂ ನಿಲ್ಲುವುದಿಲ್ಲ. ಅದು ಬ್ರೆಡ್ಡಿನ ದೋಷವಲ್ಲ, ನ್ಯೂ ಆರ್ಲಿಯನ್ಸಿನ ತೇವದಲ್ಲೂ ಅದೇ ಪಾಡು. ತಿನ್ನುವ ಮೊದಲು 180 ಡಿಗ್ರಿಯಲ್ಲಿ 4 ನಿಮಿಷ ಇಟ್ಟರೆ ಗರಿ ಮರಳುತ್ತದೆ.

ಪಚ್ಚಿಲೆಯೋ ಸಿಗಡಿಯೋ

ಅಲ್ಲಿ ಸಿಂಪಿಗೆ ಸಲ್ಲುವ ಜಾಗ ಇಲ್ಲಿ ಪಚ್ಚಿಲೆಗೆ ಸಲ್ಲಬೇಕು. ಮಲಯಾಳದ ನೆರೆಹೊರೆಯವರ ಕಲ್ಲುಮ್ಮಕ್ಕಾಯ ಇದೇ. ನಮ್ಮ ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುತ್ತಾರೆ. ಮಳೆ ಮುಗಿದ ಮೇಲೆ ಮರಿ ಕಟ್ಟಿ, ಮುಂದಿನ ಮಳೆ ನೀರನ್ನು ಸಿಹಿಯಾಗಿಸುವ ಮೊದಲೇ ಕೊಯ್ಯುವ ಬೆಳೆ ಅದು. ಏಪ್ರಿಲ್, ಮೇಯಲ್ಲಿ ಮಾಂಸ ತುಂಬಿರುತ್ತದೆ. ಆಗಲೇ ಮಾಡಿ.

ಒಂದು ಕೆ.ಜಿ. ಪಚ್ಚಿಲೆಯ ಚಿಪ್ಪು ಉಜ್ಜಿ ತೊಳೆಯಿರಿ. ಒಡೆದದ್ದು, ತಟ್ಟಿದರೂ ಬಾಯಿ ಮುಚ್ಚದ್ದು ಎಸೆಯಿರಿ. ಅಗಲ ಪಾತ್ರೆಯಲ್ಲಿ ನೀರು ಹಾಕದೆ ಮುಚ್ಚಿ, ದೊಡ್ಡ ಉರಿಯಲ್ಲಿ 3 ನಿಮಿಷ ಇಡಿ. ಬಾಯಿ ತೆರೆದದ್ದನ್ನು ಒಂದೊಂದಾಗಿ ತೆಗೆಯುತ್ತಾ ಹೋಗಿ. ಕೊನೆಗೂ ತೆರೆಯದ್ದು ಬೇಡ. ಮಾಂಸಕ್ಕೆ ಅಂಟಿದ ನಾರಿನ ಗಂಟನ್ನು ಕಿತ್ತು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಿ. ಒದ್ದೆ ಉಳಿದರೆ ಎಣ್ಣೆ ಸಿಡಿಯುತ್ತದೆ, ಹಿಟ್ಟು ಕಳಚುತ್ತದೆ. ಪಾತ್ರೆಯ ತಳದ ಉಪ್ಪುರಸವನ್ನು ಸೋಸಿ ಒಂದು ಚಮಚ ಮೇಯನೇಸಿಗೆ ಬೆರೆಸಿ. ಸಮುದ್ರದ ರುಚಿ ಇರುವುದೇ ಅದರಲ್ಲಿ.

ಸಿಗಡಿಯಾದರೆ ಕೆ.ಜಿ.ಗೆ 80ರಿಂದ 100 ತೂಗುವ ಸಣ್ಣದು ಸಾಕು. ದೊಡ್ಡ ಸಿಗಡಿ ನೋಡಲು ಚಂದ, ಆದರೆ ಒಂದು ಕಚ್ಚಿಗೆ ಪೂರ್ತಿ ಸಿಗಡಿಯೇ ಹೊರಬರುತ್ತದೆ. ಬಾಲದ ಸಿಪ್ಪೆಯನ್ನೂ ಬಿಡದೆ ತೆಗೆಯಿರಿ. ಕೇರಳದಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಟ್ರಾಲಿಂಗ್ (ಯಾಂತ್ರಿಕ ದೋಣಿಯ ಎಳೆಬಲೆ ಮೀನುಗಾರಿಕೆ) ನಿಷೇಧ ಇರುವುದರಿಂದ ಆಗ ಕೆರೆಯಲ್ಲಿ ಸಾಕಿದ ವನ್ನಾಮಿ ಸಿಗಡಿಯನ್ನೇ ನೆಚ್ಚಬೇಕು. ಅದೂ ನಡೆಯುತ್ತದೆ.

ಮಸಾಲೆಯ ಬಗ್ಗೆ ಖಡಾಖಂಡಿತ ಮಾತು: ಶುಂಠಿ, ಬೆಳ್ಳುಳ್ಳಿ, ಮೆಣಸು ಅರೆದ ಮೀನುಮಸಾಲೆ ಇದಕ್ಕೆ ಹಚ್ಚಬಾರದು. ಅದು ತವಾ ಫ್ರೈಗೆ ಸರಿ. ಇಲ್ಲಿ ಒದ್ದೆ ಮಸಾಲೆ ಹಿಟ್ಟನ್ನು ಹಿಡಿಯಲು ಬಿಡುವುದಿಲ್ಲ, ಬೇಗ ಕಪ್ಪಾಗುತ್ತದೆ, ಬ್ರೆಡ್ಡಿನ ರುಚಿಯನ್ನು ನುಂಗುತ್ತದೆ. ಖಾರ ಒಣಹಿಟ್ಟಿನಲ್ಲಿರಲಿ. ಅರ್ಧ ಕೆ.ಜಿ. ಮಾಂಸಕ್ಕೆ ಒಂದು ಲೋಟ ಗಟ್ಟಿ ಮಜ್ಜಿಗೆ, ಒಂದು ಮೊಟ್ಟೆ, ಒಂದು ಚಮಚ ಉಪ್ಪು ಕಲಸಿ 20 ನಿಮಿಷ ನೆನೆಸಿ. ಹೆಚ್ಚು ಹೊತ್ತಾದರೆ ಹುಳಿಗೆ ಸಿಗಡಿ ಮೆತ್ತಗಾಗುತ್ತದೆ. ಹಿಟ್ಟಿಗೆ ಹಳದಿ ಮೆಕ್ಕೆಜೋಳದ ತರಿ 150 ಗ್ರಾಂ, ಮೈದಾ 75 ಗ್ರಾಂ, ಕಾಶ್ಮೀರಿ ಮೆಣಸಿನ ಪುಡಿ ಎರಡು ಚಮಚ, ಕಾಳುಮೆಣಸು ಒಂದು ಚಮಚ, ಉಪ್ಪು ಒಂದು ಚಮಚ. ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೊಡುವ ಬಿಳಿ ಪುಡಿ ಬರೀ ಪಿಷ್ಟ, ಈ ಕೆಲಸಕ್ಕೆ ಆಗದು. ಜೋಳದ ತರಿ ಸಿಗದಿದ್ದರೆ ಅಕ್ಕಿಹಿಟ್ಟು ಮತ್ತು ಚಿರೋಟಿ ರವೆ ಸಮಸಮ. ನೆನೆದದ್ದನ್ನು ಎತ್ತಿ, ರಸ ಇಳಿಸಿ, ಹಿಟ್ಟಿನಲ್ಲಿ ಹೊರಳಿಸಿ, 5 ನಿಮಿಷ ಹಾಗೇ ಬಿಡಿ. ಹಿಟ್ಟು ತೇವ ಹೀರಿ ಕಚ್ಚಿಕೊಳ್ಳುತ್ತದೆ.

ಎಣ್ಣೆ 180 ಡಿಗ್ರಿ. ಗಾಣದ ತೆಂಗಿನೆಣ್ಣೆ ಅಷ್ಟು ಕಾವಿಗೆ ಹೊಗೆಯಾಡುತ್ತದೆ, ಸೂರ್ಯಕಾಂತಿ ಅಥವಾ ಶೇಂಗಾ ಎಣ್ಣೆ ಬಳಸಿ. ಒಂದು ಲೀಟರ್ ಎಣ್ಣೆಗೆ ಒಮ್ಮೆಗೆ 150 ಗ್ರಾಂ ಮೀರಬೇಡಿ. ಕಾವು ಬಿದ್ದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಸಿಗಡಿಗೆ ಒಂದೂವರೆಯಿಂದ ಎರಡು ನಿಮಿಷ. ಪಚ್ಚಿಲೆ ಮೊದಲೇ ಬೆಂದಿರುವುದರಿಂದ ಒಂದೇ ನಿಮಿಷ, ಜಾಸ್ತಿಯಾದರೆ ರಬ್ಬರು. ಪೇಪರಿನ ಮೇಲೆ ಸುರಿದರೆ ತಳ ಬೆವರುತ್ತದೆ, ಜಾಲರಿ ಮೇಲಿಡಿ.

ಜೊತೆಗೆ ಏನು, ಯಾವ ಕ್ರಮದಲ್ಲಿ

ಅಲ್ಲಿನ ಅಂಗಡಿಗಳಲ್ಲಿ ‘ಡ್ರೆಸ್ಡ್’ ಎಂದು ಕೇಳಿದರೆ ಲೆಟ್ಯೂಸ್, ಟೊಮೆಟೊ, ಸೌತೆಯ ಉಪ್ಪಿನಕಾಯಿ, ಮೇಯನೇಸ್ ಹಾಕಿಕೊಡುತ್ತಾರೆ. ಲೆಟ್ಯೂಸಿಗಾಗಿ ಮಂಗಳೂರಿಗೆ ಹೋಗುವ ಅಗತ್ಯವಿಲ್ಲ. ನ್ಯೂ ಆರ್ಲಿಯನ್ಸಿನ ಹೆಸರಾಂತ ಮದರ್ಸ್ ರೆಸ್ಟೋರೆಂಟಿನಲ್ಲೇ ಕೋಸು ಹಾಕುತ್ತಾರೆ. ಎಲೆಕೋಸನ್ನು ನೂಲಿನಷ್ಟು ಸಣ್ಣಗೆ ಹೆಚ್ಚಿ ಐಸ್‌ನೀರಿನಲ್ಲಿ 10 ನಿಮಿಷ ಇಟ್ಟು ಹಿಂಡಿ. ಟೊಮೆಟೊ ತೆಳ್ಳಗೆ ಕೊಯ್ದು ಉಪ್ಪು ಹಾಕಿ, ಬಿಟ್ಟ ನೀರನ್ನು ಒರೆಸಿ. ಮುಳ್ಳುಸೌತೆಯ ಬಿಲ್ಲೆಗಳನ್ನು ಅರ್ಧ ಲೋಟ ವಿನೆಗರ್, ಅರ್ಧ ಲೋಟ ನೀರು, ಒಂದೊಂದು ಚಮಚ ಉಪ್ಪು, ಸಕ್ಕರೆಯಲ್ಲಿ ಒಂದು ಗಂಟೆ ನೆನೆಸಿದರೆ ಉಪ್ಪಿನಕಾಯಿ ತಯಾರು. ಮಾವಿನ ಮಿಡಿ ಉಪ್ಪಿನಕಾಯಿ ಬಿಲ್ಲೆಯಾಗಿ ಬೇಡ, ಅದರ ಹೊರಡಿ (ಉಪ್ಪಿನಕಾಯಿಯ ಅರೆದ ಮಸಾಲೆ) ಉಳಿದ ರುಚಿಯನ್ನೆಲ್ಲ ಮುಚ್ಚುತ್ತದೆ. ಸಣ್ಣಗೆ ಕೊಚ್ಚಿದ ಅರ್ಧ ಮಿಡಿಯನ್ನು ಮೇಯನೇಸಿಗೆ ಕಲಸಿದರೆ ಮಾತ್ರ ಚೆನ್ನ. ಹಾಟ್ ಸಾಸ್ ಬದಲಿಗೆ ಗಾಂಧಾರಿ ಮೆಣಸು: ಇಪ್ಪತ್ತು ಕಾಯಿ ಸೀಳಿ, ಉಪ್ಪು ಸೇರಿಸಿ, 100 ಮಿ.ಲೀ. ವಿನೆಗರಿನಲ್ಲಿ ಒಂದು ವಾರ ನೆನೆಯಲಿ. ಆ ವಿನೆಗರನ್ನು ಹನಿಹನಿಯಾಗಿ ಚಿಮುಕಿಸಿ.

ಬ್ರೆಡ್ಡು ಬಿಸಿ ಮಾಡಿ, ಒಂದು ಬದಿ ಅಂಟಿರುವಂತೆ ಸೀಳಿ. ಎರಡೂ ಮುಖಕ್ಕೆ ಅಂಚಿನವರೆಗೆ ಮೇಯನೇಸ್ ಸವರಿ. ಕೊಬ್ಬಿನ ಈ ಪದರವೇ ನೀರನ್ನು ತಡೆಯುವುದು, ನಡುವೆ ಮಾತ್ರ ಸವರಿದರೆ ಅಂಚು ನೆನೆಯುತ್ತದೆ. ಕೆಳಗೆ ಸೌತೆ, ಅದರ ಮೇಲೆ ಕರಿದದ್ದು, ಆಮೇಲೆ ಕೋಸು, ಎಲ್ಲಕ್ಕಿಂತ ಮೇಲೆ ಟೊಮೆಟೊ. ಟೊಮೆಟೊ ಕರಿದದ್ದಕ್ಕೆ ತಾಗಬಾರದು. 14 ಸೆ.ಮೀ. ಉದ್ದದ ಅರ್ಧ ಬ್ರೆಡ್ಡಿಗೆ 100ರಿಂದ 120 ಗ್ರಾಂ ತುಂಬು ಸರಿ. ಕೆಲವರು ತಿರುಳು ಕಿತ್ತು ಜಾಗ ಮಾಡಿ ಇನ್ನೂ ತುಂಬುತ್ತಾರೆ. ಗ್ರೇವಿಯಿದ್ದರೆ ಅದು ತಪ್ಪು, ರಸ ಹೀರುವುದೇ ಆ ತಿರುಳು.

ಮೀನು ತಿನ್ನದವರಿಗೆ ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ. ಎಳೆ ಗುಜ್ಜೆಯನ್ನು ಉಪ್ಪು, ಅರಸಿನ ಹಾಕಿ ಬೇಯಿಸಿ, ನೀರು ಬಸಿದು ಎಳೆಎಳೆಯಾಗಿ ಬಿಡಿಸಿ. ಈರುಳ್ಳಿ, ಕಾಳುಮೆಣಸು, ಒಂದು ಚಮಚ ಹುರಿದ ಮೈದಾದ ಗಟ್ಟಿ ಗ್ರೇವಿಯಲ್ಲಿ ಕುದಿಸಿ. ರೋಸ್ಟ್ ಬೀಫ್ ಪೋ-ಬಾಯ್‌ನ ಮಾದರಿ ಇದು. ಬ್ರೆಡ್ಡಿನ ಒಳಮುಖವನ್ನು ತವಾದಲ್ಲಿ ಬೆಣ್ಣೆ ಸವರಿ ಸುಟ್ಟುಕೊಂಡರೆ ರಸ ಹೊರಪದರಕ್ಕೆ ಇಳಿಯುವುದಿಲ್ಲ.

ಪಾರ್ಸೆಲ್ ಕಟ್ಟಬೇಕಾದರೆ ಕಾಗದದಲ್ಲಿ ಸುತ್ತಿ. ಪ್ಲಾಸ್ಟಿಕ್, ಫಾಯಿಲ್ ಎರಡೂ ಹಬೆಯನ್ನು ಒಳಗೇ ಹಿಡಿಯುತ್ತವೆ. ಕಾಲು ಗಂಟೆಗಿಂತ ದೂರದ ದಾರಿಯಾದರೆ ಕರಿದದ್ದು, ಬ್ರೆಡ್ಡು, ತರಕಾರಿ ಮೂರನ್ನೂ ಬೇರೆಬೇರೆ ಒಯ್ದು, ತಿನ್ನುವ ಜಾಗದಲ್ಲೇ ಜೋಡಿಸಿಕೊಳ್ಳಿ.