679 ಸಹಿ ಕಡಿಮೆ ಬಿದ್ದಾಗ

2023ರ ಜೂನ್ ಕೊನೆ. ಅಮೆರಿಕದ ಓಹಾಯೋ ರಾಜ್ಯದ ರಾಜಧಾನಿ ಕೊಲಂಬಸ್‌ನ ಗುಡೇಲ್ ಪಾರ್ಕಿನಲ್ಲಿ ಕಾಮ್‌ಫೆಸ್ಟ್ ಜಾತ್ರೆ. ನಾನು ಮತದಾರರ ಸಹಿ ಪಡೆಯುವ ಪಿಟಿಷನ್ ಪುಸ್ತಕ ಹಿಡಿದು ಮರದ ನೆರಳಲ್ಲಿ ನಿಂತಿದ್ದೆ. ಓಹಾಯೋದಲ್ಲಿ 21 ದಾಟಿದವರಿಗೆ ಗಾಂಜಾವನ್ನು ಕಾನೂನುಬದ್ಧ ಮಾಡುವ ಪ್ರಸ್ತಾವವನ್ನು ಮತಪತ್ರಕ್ಕೆ ತರಲು ಸಹಿ ಸಂಗ್ರಹ ನಡೆದಿತ್ತು.

ನಾನು ಗಾಂಜಾ ಸೇದಿದವಳಲ್ಲ. ಈ ಕೆಲಸಕ್ಕೆ ಇಳಿದದ್ದು ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ನೋಡಿ. ಇಪ್ಪತ್ತರ ವಯಸ್ಸಿನಲ್ಲಿ ಬಿದ್ದ ಗಾಂಜಾ ಕೇಸು, ನಲವತ್ತು ದಾಟಿದ ಮೇಲೂ ಅವರಿಗೆ ಬಾಡಿಗೆ ಮನೆ ಸಿಗದಂತೆ ಮಾಡುತ್ತಿತ್ತು. ಒಂದು ತಪ್ಪಿಗೆ ಇಷ್ಟು ವರ್ಷ ದಂಡ ಕಟ್ಟಿಸುವುದು ಅನ್ಯಾಯ ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ಸಹಿ ಹಾಕಿಸುವುದು ಸುಲಭ, ಅದು ಲೆಕ್ಕಕ್ಕೆ ಬರುವಂತೆ ಹಾಕಿಸುವುದೇ ಕಷ್ಟ. ಒಂದು ಪುಸ್ತಕದಲ್ಲಿ ಒಂದೇ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಮತದಾರರು ಇರಬೇಕು. ಹಾಗಾಗಿ ಫ್ರಾಂಕ್ಲಿನ್‌ಗೆ ಒಂದು, ಡೆಲವೇರ್‌ಗೆ ಒಂದು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಪ್ರತಿಯೊಂದರಲ್ಲೂ ಪ್ರಸ್ತಾವಿತ ಕಾನೂನಿನ ಪೂರ್ತಿ ಪಾಠ ಇರುತ್ತದೆ, ದಪ್ಪಗಿರುತ್ತವೆ. ಸಹಿ ನನ್ನ ಕಣ್ಣೆದುರೇ ಬೀಳಬೇಕು. ಕೊನೆಗೆ ಎಷ್ಟು ಸಹಿ ಕಂಡೆ ಅಂತ ನಾನೇ ಬರೆದು ರುಜು ಮಾಡಬೇಕು. ಅಲ್ಲಿ 27 ಅಂತ ಬರೆದು ಒಳಗೆ 28 ಇದ್ದರೆ ಇಡೀ ಪುಸ್ತಕವೇ ಹೋಯಿತು. ಕಾರಿನಲ್ಲಿ ಕೂತು ಬೆರಳಿಟ್ಟು ಮೂರು ಸಲ ಎಣಿಸುತ್ತಿದ್ದೆ.

ಕಾಲೇಜು ಹುಡುಗರು ಉತ್ಸಾಹದಿಂದ ಪೆನ್ನು ಕಸಿದುಕೊಳ್ಳುತ್ತಿದ್ದರು. ಆದರೆ ಬಹಳ ಜನರ ವೋಟು ಇನ್ನೂ ಅಪ್ಪ ಅಮ್ಮನ ಊರಿನಲ್ಲೇ ಇರುತ್ತಿತ್ತು. ಮನೆ ಬದಲಿಸಿ ವಿಳಾಸ ತಿದ್ದಿಸದವರೂ ಅಷ್ಟೇ. ಮೊದಲ ವಾರ ಇದನ್ನು ಕೇಳದೆ ಹಾಕಿಸಿಕೊಂಡೆ. ಆಮೇಲೆ ನನ್ನ ಮೊದಲ ಪ್ರಶ್ನೆಯೇ “ನಿಮ್ಮ ವೋಟು ಯಾವ ಕೌಂಟಿಯಲ್ಲಿದೆ?” ಅಂತಾಯಿತು. ನಮ್ಮ ಕನ್ನಡದವರ ಪಿಕ್ನಿಕ್ಕಿನಲ್ಲಿ ಅದಕ್ಕಿಂತ ಮೊದಲು ಕೇಳುತ್ತಿದ್ದದ್ದು: “ಸಿಟಿಜನ್ ಆಗಿದ್ದೀರಾ?” ಗ್ರೀನ್ ಕಾರ್ಡಿನವರು ಸಹಿ ಹಾಕುವಂತಿಲ್ಲ.

ಬೇಕಿದ್ದದ್ದು 1,24,046 ಸಹಿ, ಅದೂ 88 ಕೌಂಟಿಗಳಲ್ಲಿ ಕನಿಷ್ಠ 44ರಿಂದ. ಇದು ಎರಡನೇ ಸುತ್ತು. ಮೊದಲ ಸುತ್ತಿನ ಸಹಿಗಳ ಮೇಲೆ ಪ್ರಸ್ತಾವ ಶಾಸನಸಭೆಗೆ ಹೋಗಿತ್ತು, ಅವರು ನಾಲ್ಕು ತಿಂಗಳಲ್ಲಿ ಏನೂ ಮಾಡದಿದ್ದರೆ ಮತ್ತೆ ಜನರ ಬಳಿ ಬರಬೇಕೆಂಬುದು ಇಲ್ಲಿನ ನಿಯಮ. ಜುಲೈನಲ್ಲಿ ಸುಮಾರು 2,22,000 ಸಹಿ ಕೊಟ್ಟೆವು. ಪರಿಶೀಲನೆ ಮುಗಿದಾಗ 679 ಕಡಿಮೆ! ಲಕ್ಷದ ಹತ್ತಿರ ಸಹಿಗಳು ಅಸಿಂಧುವಾಗಿ ಬಿದ್ದುಹೋಗಿದ್ದವು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮೊದಲ ವಾರದ ನನ್ನ ಪುಸ್ತಕಗಳೇ ಕಣ್ಣೆದುರು ಬರುತ್ತಿದ್ದವು.

ಕೊರತೆ ತುಂಬಲು ಹತ್ತು ದಿನ ಸಿಕ್ಕಿತು. ಆಫೀಸು ಮುಗಿಸಿ ನೇರ ಹೊರಡುತ್ತಿದ್ದೆ, ಕತ್ತಲಾಗುವವರೆಗೆ ನಿಲ್ಲುತ್ತಿದ್ದೆ. ಈ ಸಲ ಅವಸರಪಡಲಿಲ್ಲ. ಒಬ್ಬೊಬ್ಬರ ವಿಳಾಸವನ್ನೂ ಜೋರಾಗಿ ಓದಿಸಿ ಬರೆಸಿದೆ. ರಾಜ್ಯದಾದ್ಯಂತ ಎಲ್ಲರೂ ಸೇರಿ 6,545 ಕೊಟ್ಟೆವು, 4,405 ಊರ್ಜಿತವಾದವು. ನವೆಂಬರ್ 7ರ ಮತದಾನದಲ್ಲಿ ಇಶ್ಯೂ 2ಕ್ಕೆ, ಅಂದರೆ ಮತಪತ್ರದಲ್ಲಿ ಆ ಹೆಸರು ಪಡೆದ ನಮ್ಮ ಪ್ರಸ್ತಾವಕ್ಕೆ, ಶೇ. 57ರಷ್ಟು ಜನ ಹೌದೆಂದರು.

ಐದು ದಿನಕ್ಕೆ ದೀಪಾವಳಿ. ಊಟಕ್ಕೆ ಬಂದಿದ್ದ ಒಬ್ಬ ಹುಡುಗ, ಎಚ್-1ಬಿಯಲ್ಲಿರುವವನು, ಮೆಲ್ಲಗೆ ಕೇಳಿದ: “ಅಕ್ಕಾ, ಡಿಸೆಂಬರ್ 7ಕ್ಕೆ ಕಾನೂನು ಜಾರಿಯಾದ ಮೇಲೆ ನಾವು ಸೇದಿದರೂ ತೊಂದರೆ ಇಲ್ಲ ಅಲ್ವಾ?” ಅವನನ್ನು ಅಡುಗೆಮನೆಗೆ ಕರೆದು ಬಿಡಿಸಿ ಹೇಳಿದೆ. ರಾಜ್ಯದ ಕಾನೂನು ಬದಲಾಗಿದೆ, ಕೇಂದ್ರದ್ದು ಹಾಗೇ ಇದೆ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲವೂ ಕೇಂದ್ರದ ಕೈಯಲ್ಲಿವೆ. ಸಿಟಿಜನ್ ಆಗುವವರೆಗೆ ಗಾಂಜಾ ಅಂಗಡಿಯ ಒಳಗೂ ಕಾಲಿಡಬೇಡ ಕಣೋ ಅಂದೆ.