ಸ್ಪೀಕರ್ ಪೆಟ್ಟಿಗೆಗೆ ಹಲಗೆ ಆರಿಸಿದ ಬಗೆ: ನನ್ನ ಅನುಭವ

ಸ್ಪೀಕರ್ ಪೆಟ್ಟಿಗೆ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಯಾವ ಮರದಿಂದ ನಾದ ಚೆನ್ನಾಗಿ ಬರುತ್ತದೆ ಎಂದು. ತಂತಿವಾದ್ಯದ ಮಟ್ಟಿಗೆ ಅದು ಸರಿಯಾದ ಪ್ರಶ್ನೆ, ಏಕೆಂದರೆ ಅಲ್ಲಿ ಮರವೂ ತಂತಿಯೊಡನೆ ನುಡಿಯಬೇಕು. ಸ್ಪೀಕರ್ ಪೆಟ್ಟಿಗೆಯದು ಇದಕ್ಕೆ ತೀರ ವಿರುದ್ಧವಾದ ಕೆಲಸ: ನುಡಿಯಬೇಕಾದದ್ದು ಊಫರ್ (ಕೆಳಸ್ವರ ನುಡಿಸುವ ಭಾಗ) ಮತ್ತು ಟ್ವೀಟರ್ (ಮೇಲುಸ್ವರ ನುಡಿಸುವ ಭಾಗ) ಮಾತ್ರ, ಹಲಗೆ ಸುಮ್ಮನಿರಬೇಕು. ಆರೂವರೆ ಇಂಚಿನ ಊಫರ್‌ನ ಕೋನ್, ಅಂದರೆ ಅದುರಿ ಸದ್ದು ಹೊರಡಿಸುವ ಶಂಕುವಿನಾಕಾರದ ಹಾಳೆ, ಸುಮಾರು 130 ಚದರ ಸೆಂಟಿಮೀಟರ್ ಇರುತ್ತದೆ. ಅದನ್ನು ಕೂರಿಸಿದ ಪೆಟ್ಟಿಗೆಯ ಪಕ್ಕದ ಹಲಗೆ 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರ ಇದ್ದರೆ ಅದೊಂದರ ವಿಸ್ತೀರ್ಣವೇ 875 ಚದರ ಸೆಂಟಿಮೀಟರ್ ಆಗುತ್ತದೆ. ಇಷ್ಟು ದೊಡ್ಡ ಮೇಲ್ಮೈ ಕಣ್ಣಿಗೆ ಕಾಣದಷ್ಟು ಅದುರಿದರೂ ಸಾಕು, ಗಾಯಕನ ದನಿಯಲ್ಲಿ ಇಲ್ಲದ ಒಂದು ಮೊಳಗು ಸೇರಿಕೊಳ್ಳುತ್ತದೆ. ಹಾಗಾಗಿ ಹಲಗೆಯನ್ನು ನಾನು ಅಳೆಯುವುದು ಎರಡು ಗುಣಗಳಿಂದ: ಅದು ಎಷ್ಟು ಬಿಗಿಯಾಗಿದೆ, ಮತ್ತು ಒಮ್ಮೆ ಅದುರಿದರೆ ಎಷ್ಟು ಬೇಗ ತಣ್ಣಗಾಗುತ್ತದೆ.

ಬಿಗಿತದ ವಿಷಯದಲ್ಲಿ ದಪ್ಪದ ಪ್ರಭಾವ ಬಹಳ ದೊಡ್ಡದು. ಹಲಗೆ ಬಾಗುವುದನ್ನು ತಡೆಯುವ ಶಕ್ತಿ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ, 12 ಮಿಲಿಮೀಟರ್ ಬದಲು ಅದೇ ಜಾತಿಯ 18 ಮಿಲಿಮೀಟರ್ ಹಲಗೆ ಹಾಕಿದರೆ ತೂಕ ಒಂದೂವರೆ ಪಟ್ಟಾದಾಗ ಬಿಗಿತ ಮೂರು ಪಟ್ಟಿಗೂ ಮೀರುತ್ತದೆ. ಆದರೆ ಅದರ ಅನುರಣನ ಆವರ್ತನ, ಅಂದರೆ ಹಲಗೆ ತಾನಾಗಿ ಅತಿ ಹೆಚ್ಚು ಅದುರುವ ಸ್ವರದ ಮಟ್ಟ, ಏರುವುದು ಒಂದೂವರೆ ಪಟ್ಟು ಮಾತ್ರ. ದಪ್ಪ ಹೆಚ್ಚಿಸಿದಷ್ಟೂ ಕಂಪನ ಇಲ್ಲವಾಗುತ್ತದೆ ಎನ್ನುವುದು ಅರ್ಧ ಸತ್ಯ. ಕಂಪನದ ಪ್ರಮಾಣ ಕಡಿಮೆಯಾಗುತ್ತದೆ ನಿಜ, ಆದರೆ ಅದರ ಜಾಗ ಮೇಲಕ್ಕೆ ಸರಿಯುತ್ತದೆ, ಮತ್ತು ಮೇಲಕ್ಕೆ ಸರಿದಂತೆಲ್ಲ ಅದು ನಮ್ಮ ಕಿವಿ ಹೆಚ್ಚು ಚುರುಕಾಗಿರುವ ಭಾಗದತ್ತ ಹೋಗುತ್ತದೆ.

ಬಿಬಿಸಿಯ ಎಂಜಿನಿಯರುಗಳು ಹಿಡಿದ ದಾರಿ ನನಗೆ ಮುಖ್ಯವೆನಿಸಿದ್ದು ಈ ಕಾರಣಕ್ಕೆ. 1970ರ ದಶಕದಲ್ಲಿ ಅವರು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಸ್ಪೀಕರ್‌ನ ಗೋಡೆ 12 ಮಿಲಿಮೀಟರಿನ ಬರ್ಚ್ ಪ್ಲೈವುಡ್ (ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿ ಮಾಡಿದ ಹಲಗೆ). ಒಳಗೆ ಬಿಟುಮೆನ್ (ಡಾಂಬರಿನಂಥ ವಸ್ತು) ಹಾಳೆಗಳನ್ನು ಅಂಟಿಸಿದ್ದರು. ಗೋಡೆಯನ್ನು ತೆಳುವಾಗಿಟ್ಟು ಅನುರಣನವನ್ನು ಕೆಳಗೇ ಉಳಿಸಿಕೊಳ್ಳುವುದು, ಆ ಮೇಲೆ ಭಾರವಾದ ಮೆತ್ತನೆಯ ಪದರದಿಂದ ಅದರ ಕಸುವು ಹೀರುವುದು ಅವರ ವಿಚಾರ. ಅದಕ್ಕೂ ಮೊದಲೇ ವಾರ್ಫ್‌ಡೇಲ್ ಎಂಬ ಬ್ರಿಟಿಷ್ ಸ್ಪೀಕರ್ ಕಂಪನಿಯ ಗಿಲ್ಬರ್ಟ್ ಬ್ರಿಗ್ಸ್ ಎರಡು ಹಲಗೆಗಳ ನಡುವೆ ಒಣ ಮರಳು ತುಂಬಿ ಇದೇ ಉದ್ದೇಶ ಸಾಧಿಸಿದ್ದರು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ಶಾಖವಾಗಿ ಕಳೆಯುತ್ತವೆ. ಮರಳಿನ ಗೋಡೆಯಷ್ಟು ನಿಶ್ಶಬ್ದವಾದದ್ದು ಅಪರೂಪ, ಆದರೆ ಅದರ ತೂಕ ನೋಡಿದರೆ ನೆಲದ ಮೇಲೆ ಒಂದೇ ಕಡೆ ನಿಲ್ಲುವ ದೊಡ್ಡ ಪೆಟ್ಟಿಗೆಗಷ್ಟೇ ಅದು ಹೊಂದುತ್ತದೆ.

ನಾನು ಹೆಚ್ಚಾಗಿ ತೂಗಿ ನೋಡಿದ್ದು ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಮತ್ತು ಬರ್ಚ್ ಪ್ಲೈವುಡ್‌ಗಳನ್ನು. ಎರಡರಿಂದಲೂ ಒಂದೇ ಅಳತೆಯ, ಒಂದೇ ದಪ್ಪದ ಪೆಟ್ಟಿಗೆ ಮಾಡಿ, ಪಕ್ಕದ ಹಲಗೆಯ ನಡುವೆ ಒಂದು ಪಿಯೆಜೊ ಬಿಲ್ಲೆಯನ್ನು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ) ಅಂಟು ಟೇಪಿನಿಂದ ಒತ್ತಿ ಕೂರಿಸಿ, ಅದರ ತಂತಿಯನ್ನು ಕಂಪ್ಯೂಟರಿನ ಮೈಕ್ ಇನ್‌ಪುಟ್‌ಗೆ ಕೊಟ್ಟು, ಊಫರ್‌ಗೆ 50ರಿಂದ 1000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಶುದ್ಧ ಸ್ವರ ಹಾಕಿದೆ. ಪರದೆಯ ಮೇಲೆ ಮೂಡಿದ ಪ್ಲೈವುಡ್‌ನ ಕಂಪನದ ಗೆರೆಯಲ್ಲಿ ಶಿಖರ ಮೇಲಿನ ಆವರ್ತನದಲ್ಲಿ, ಚೂಪಾಗಿ ಎದ್ದಿತ್ತು. ಎಂಡಿಎಫ್‌ನದು ಕೆಳಗೆ, ಮೊಂಡಾಗಿ, ಅಗಲವಾಗಿ ಹರಡಿತ್ತು. ಬೆರಳ ತುದಿಗೂ ಅದೇ ತಿಳಿಯುತ್ತಿತ್ತು: ಪ್ಲೈವುಡ್ ಒಂದು ಸ್ವರಕ್ಕೆ ಬಂದಾಗ ಥಟ್ಟನೆ ಝುಮ್ಮೆನ್ನುತ್ತಿತ್ತು, ಎಂಡಿಎಫ್ ಮೆಲ್ಲಗೆ ಅದುರಿ ಮೆಲ್ಲಗೆ ಇಳಿಯುತ್ತಿತ್ತು. ಎಂಡಿಎಫ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 700ರಿಂದ 800 ಕಿಲೋಗ್ರಾಂ. ಒಳ್ಳೆಯ ಬರ್ಚ್ ಪ್ಲೈವುಡ್ ಸಾಮಾನ್ಯವಾಗಿ ಅದಕ್ಕಿಂತ ಸ್ವಲ್ಪ ಹಗುರ, ಆದರೂ ಬಿಗಿತದಲ್ಲಿ ಬಹಳ ಮುಂದು. ಒಂದು ಮೇಲು, ಇನ್ನೊಂದು ಕೀಳು ಎಂದು ಇದರಿಂದ ನಾನು ತೀರ್ಮಾನಿಸಲಿಲ್ಲ. ಎರಡಕ್ಕೂ ಬೇರೆ ಬೇರೆ ಆರೈಕೆ ಬೇಕು ಎಂದು ತಿಳಿದೆ.

ಆ ಆರೈಕೆಯಲ್ಲಿ ಮೊದಲನೆಯದು ಒಳಗಿನ ಅಡ್ಡಪಟ್ಟಿ. ಅದನ್ನು ನಾನು ಹಲಗೆಯ ನಟ್ಟನಡುವೆ ಇಡುವುದಿಲ್ಲ, ಏಕೆಂದರೆ ಹಾಗೆ ಇಟ್ಟರೆ ಎರಡು ಸಮಾನ ಭಾಗಗಳಾಗಿ ಅವೆರಡೂ ಒಂದೇ ಸ್ವರಕ್ಕೆ ಅದುರುತ್ತವೆ. ಎತ್ತರದ ಐದರಲ್ಲಿ ಎರಡು ಭಾಗದಷ್ಟು ದೂರದಲ್ಲಿ ಇಟ್ಟಾಗ ದೊಡ್ಡ ಶಿಖರವೊಂದು ಒಡೆದು, ಬೇರೆ ಬೇರೆ ಕಡೆ ಎರಡು ಸಣ್ಣ ಶಿಖರಗಳಾದದ್ದು ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ಅನಂತರ ದೊಡ್ಡ ಭಾಗದ ನಡುವೆ, ಕಾರಿನ ಬಾಗಿಲಿಗೆ ಅಂಟಿಸುವ ಬಿಟುಮೆನ್ ಹಾಳೆಯ ತುಂಡನ್ನು ಹಾಕಿದೆ. ಎರಡು ತೆಳು ಹಲಗೆಗಳ ನಡುವೆ ಗಟ್ಟಿಯಾಗದ, ರಬ್ಬರಿನಂಥ ಅಂಟು ಹಾಕಿ ಜೋಡಿಸುವ ವಿಧಾನ ಇದಕ್ಕಿಂತಲೂ ಪರಿಣಾಮಕಾರಿ. ಶ್ರಮ ಹೆಚ್ಚಾದರೂ ಮಧ್ಯಮ ಸ್ವರಗಳನ್ನು ನುಡಿಸುವ ಪೆಟ್ಟಿಗೆಗೆ ಆ ಶ್ರಮ ಸಾರ್ಥಕವೆಂದೇ ನನ್ನ ಅಭಿಪ್ರಾಯ.

ಒಳಗೆ ತುಂಬುವ ಉಣ್ಣೆ ಅಥವಾ ಪಾಲಿಯೆಸ್ಟರ್ ನಾರು ಗೋಡೆಯ ಕಂಪನವನ್ನು ನಿಲ್ಲಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಆ ನಾರು ಹಿಡಿದಿಡುವುದು ಒಳಗಿನ ಗಾಳಿಯ ಅಲೆಗಳನ್ನು ಮಾತ್ರ. ಒಳ ಎತ್ತರ 50 ಸೆಂಟಿಮೀಟರ್ ಇದ್ದರೆ ಸುಮಾರು 343 ಹರ್ಟ್ಸ್‌ನಲ್ಲಿ ಗಾಳಿಯ ಸ್ಥಾಯಿ ಅಲೆ (ಎದುರುಬದುರು ಗೋಡೆಗಳ ನಡುವೆ ಪುಟಿದು ನೆಲೆನಿಲ್ಲುವ ಅಲೆ) ಏಳುತ್ತದೆ. ಅದಕ್ಕೆ ನಾರು ಬೇಕು, ಗೋಡೆಗೆ ಪಟ್ಟಿ ಮತ್ತು ಬಿಟುಮೆನ್ ಬೇಕು.

ಗಟ್ಟಿ ಮರವನ್ನು ನಾನು ಅಂಚಿನ ಅಲಂಕಾರಕ್ಕೆ ಮಾತ್ರ ಬಳಸುತ್ತೇನೆ. ತೇವ ಏರಿಳಿದಂತೆ ಅದು ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗಿ ಮೂಲೆಯ ಜೋಡಣೆಯನ್ನು ಬಿಡಿಸುತ್ತದೆ, ಮುಚ್ಚಿದ ಪೆಟ್ಟಿಗೆಯಿಂದ ಗಾಳಿ ಸೋರುತ್ತದೆ. ಮರದ ಚೂರುಗಳನ್ನು ಅಂಟಿಸಿ ಒತ್ತಿದ ಪಾರ್ಟಿಕಲ್ ಬೋರ್ಡ್ ಕಂಪನವನ್ನು ಚೆನ್ನಾಗಿಯೇ ತಣಿಸುತ್ತದಾದರೂ ಅಂಚು ಉದುರುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಪ್ಲೈವುಡ್ ಕೊಳ್ಳುವಾಗ ನಾನು ಅಂಚಿನ ಪದರಗಳನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡುತ್ತೇನೆ. ಸೂಜಿ ಹೋಗುವಷ್ಟು ಸಂದು ಕಂಡರೂ ಒಳಗೆ ಇನ್ನಷ್ಟು ಟೊಳ್ಳು ಇರಬಹುದು, ಮತ್ತು ಅಂಥ ಟೊಳ್ಳಿನ ಬಳಿ ಸಡಿಲವಾದ ಪದರ ಜೋರು ಸದ್ದಿನಲ್ಲಿ ಝೇಂಕರಿಸುತ್ತದೆ.

ಹೀಗೆ, ಶೆಲ್ಫಿನ ಮೇಲಿಡುವ ಸ್ಪೀಕರ್‌ಗೆ 18 ಮಿಲಿಮೀಟರ್ ಎಂಡಿಎಫ್, ಅದರ ಮುಂಭಾಗಕ್ಕೆ 25 ಮಿಲಿಮೀಟರ್ ಎಂದು ನಿಶ್ಚಯಿಸಿದೆ. ಎತ್ತಿ ಸಾಗಿಸಬೇಕಾದ ದೊಡ್ಡ ಬೇಸ್ ಪೆಟ್ಟಿಗೆಗೆ ಬರ್ಚ್ ಪ್ಲೈವುಡ್ಡೇ ಆಯಿತು: ಪೆಟ್ಟು ತಾಳುತ್ತದೆ, ಮತ್ತು ಕೆಳಸ್ವರಗಳನ್ನಷ್ಟೇ ನುಡಿಸುವಲ್ಲಿ ಅದರ ಅನುರಣನ ಆ ವ್ಯಾಪ್ತಿಯ ಆಚೆಗೇ ಉಳಿಯುತ್ತದೆ. ಎಂಡಿಎಫ್ ಕೊಯ್ಯುವಾಗ ಏಳುವ ಹಿಟ್ಟಿನಂಥ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದಕ್ಕೆ ಒಳ್ಳೆಯ ಮಾಸ್ಕ್ ಇಲ್ಲದೆ ಗರಗಸ ಹಿಡಿಯಬಾರದು. ಅದರ ಅಂಚಿಗೆ ಸ್ಕ್ರೂ ಹಾಕುವ ಮೊದಲು ಸಣ್ಣ ರಂಧ್ರ ಕೊರೆಯದಿದ್ದರೆ ಹಲಗೆ ಸೀಳುತ್ತದೆ. ಕೊಯ್ದ ಅಂಚು ನೀರು ಹೀರಿ ಉಬ್ಬುವುದರಿಂದ ಬಣ್ಣಕ್ಕೆ ಮೊದಲು ಸೀಲರ್ ಬಳಿಯಬೇಕು. ವೆನೀರ್ (ಅಲಂಕಾರದ ತೆಳು ಮರದ ಹಾಳೆ) ಹಾಕುವುದಾದರೆ, ಜೋಡಿಸಿದ ಪೆಟ್ಟಿಗೆಯ ಅಂಟು ಪೂರ್ತಿ ಒಣಗಿ ಸಂದುಗಳು ನೆಲೆಗೊಳ್ಳುವವರೆಗೆ ಕಾಯುತ್ತೇನೆ, ಏಕೆಂದರೆ ಅವಸರದಲ್ಲಿ ಅಂಟಿಸಿದರೆ ಕೆಳಗಿನ ಜೋಡಣೆಯ ಗೆರೆ ಕೆಲವು ತಿಂಗಳಲ್ಲೇ ವೆನೀರಿನ ಮೇಲೆ ಎದ್ದು ಕಾಣುತ್ತದೆ.