2 ನಿಮಿಷ 30 ಸೆಕೆಂಡಿನ ಸಿನಿಮಾ: ಧಾರವಾಡದಲ್ಲಿ ಸೂಪರ್ 8 ಶೂಟ್ ಮಾಡೋದು ಹೇಗೆ?

ಮೊದಲು ಲೆಕ್ಕ. ಸೂಪರ್ 8 ಅಂದರೆ 8 ಮಿಲಿಮೀಟರ್ ಅಗಲದ ಸಿನಿಮಾ ಫಿಲ್ಮ್. ಅದರ ಒಂದು ಕಾರ್ಟ್ರಿಜ್‌ನಲ್ಲಿ, ಅಂದರೆ ಕ್ಯಾಮೆರಾಕ್ಕೆ ಹಾಕುವ ಪ್ಲಾಸ್ಟಿಕ್ ಡಬ್ಬಿಯಲ್ಲಿ, 50 ಅಡಿ ಫಿಲ್ಮ್ ಇರುತ್ತದೆ, ಸೆಕೆಂಡಿಗೆ 24 ಫ್ರೇಮ್ ಓಡಿಸಿದರೆ ಸುಮಾರು 2 ನಿಮಿಷ 30 ಸೆಕೆಂಡಿಗೆ ಮುಗಿದೇ ಹೋಗುತ್ತದೆ. ಮಜಾ ಇರೋದೇ ಅಲ್ಲಿ. ಮೊಬೈಲಿನ ಹಾಗೆ ಸುಮ್ನೆ ಒತ್ತಿಕೊಂಡು ಹೋಗುವಂತಿಲ್ಲ, ನೋಡಿ, ಕಾದು, ಆಮೇಲೆ ಗುಂಡಿ ಒತ್ತಬೇಕು.

ಫಿಲ್ಮನ್ನು ಫ್ರಿಜ್‌ನಲ್ಲಿಡಿ. ನಮ್ಮನೆಯಲ್ಲಿ ಮೊಸರಿನ ಪಕ್ಕ ಇದೆ, ಅವ್ವ ದಿನಾ ಬೈತಾಳೆ. ಶೂಟಿಂಗ್‌ಗೆ ಒಂದೆರಡು ಗಂಟೆ ಮುಂಚೆ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಅದರ ಮೇಲೆ ನೀರಿನ ಪಸೆ ಕೂರುತ್ತದೆ.

ಬಿಸಿಲಿಗೆ ಕೊಡಾಕ್‌ನ 50ಡಿ ಫಿಲ್ಮ್, ರಾತ್ರಿ ಸುಭಾಸ ರಸ್ತೆಯ ಅಂಗಡಿ ದೀಪಗಳಿಗೆ ಕಮ್ಮಿ ಬೆಳಕಲ್ಲೂ ನಡೆಯುವ 500ಟಿ. ಬೆಳಕು ಅಳೆಯುವ ಮೀಟರನ್ನು ಕಣ್ಣು ಮುಚ್ಚಿ ನಂಬಬೇಡಿ. ಸಾಧನಕೇರಿ ಕೆರೆ ದಂಡೆಯಲ್ಲಿ ಗೆಳೆಯನನ್ನು ನಿಲ್ಲಿಸಿ ತೆಗೆದಿದ್ದೆ, ಮೀಟರ್ ಹಿಂದಿನ ನೀರಿನ ಹೊಳಪನ್ನೇ ಅಳೆದಿತ್ತು, ಅವನ ಮುಖ ಪೂರ್ತಿ ಇದ್ದಿಲು! ಇಂಥ ನೆಗೆಟಿವ್ ಫಿಲ್ಮ್ ಜಾಸ್ತಿ ಬೆಳಕನ್ನು ತಡೆದುಕೊಳ್ಳುತ್ತದೆ, ಕಮ್ಮಿಯಾದರೆ ಮಾತ್ರ ಕತ್ತಲಲ್ಲಿ ಬರೀ ಕಾಳು ಕಾಳು. ಹಾಗಾಗಿ ಮುಖದ ಹತ್ತಿರ ಹೋಗಿ ಅಳೆಯಿರಿ, ಅನುಮಾನ ಇದ್ದರೆ ಅರ್ಧ ಸ್ಟಾಪ್ ಜಾಸ್ತಿ ಕೊಡಿ, ಅಂದರೆ ಲೆನ್ಸಿನ ಕಿಂಡಿಯನ್ನು ತುಸು ಹೆಚ್ಚು ತೆರೆಯಿರಿ.

ಶೂಟಿಂಗ್ ನಡುವೆ ಕಾರ್ಟ್ರಿಜ್ ಇರುವ ಕಡೆಯ ಮುಚ್ಚಳ ತೆಗೆಯಬೇಡಿ. ಗೇಟಿನಲ್ಲಿ, ಅಂದರೆ ಲೆನ್ಸಿನ ಹಿಂದಿನ ಕಿಂಡಿಯಲ್ಲಿ, ಇರುವ ಫ್ರೇಮ್‌ಗಳು ಬೆಳಕು ತಿನ್ನುತ್ತವೆ, ಎಷ್ಟೋ ಕ್ಯಾಮೆರಾಗಳಲ್ಲಿ ಅಡಿ ಲೆಕ್ಕದ ಮುಳ್ಳೂ ಸೊನ್ನೆಗೆ ಬರುತ್ತದೆ.

ಮುಗಿದ ಕಾರ್ಟ್ರಿಜ್ ಮೇಲೆ ದಿನಾಂಕ ಬರೆದು, ಬೇಗ ಲ್ಯಾಬಿಗೆ ಕಳಿಸಿ.